ಗೊಂಬೆಯ ಕಣ್ಣು ಎಳೆದು ನೋಡಿದವಳು

ಕೈಕೆಲಸದ ಶಿಕ್ಷಕಿಯರಾಗಿ ಹೊರಡುವ ಹುಡುಗಿಯರು ಈಗಲೂ ಆಗೊಮ್ಮೆ ಈಗೊಮ್ಮೆ ನನ್ನ ಹತ್ತಿರ ಬರುತ್ತಾರೆ. ಕ್ರೋಶಾ ಸೂಜಿ ಎಷ್ಟು ದಪ್ಪ ಇರಬೇಕು, ಆನೆಯ ಸೊಂಡಿಲು ಜೋಲು ಬೀಳದಂತೆ ಹತ್ತಿ ಹೇಗೆ ತುಂಬಬೇಕು, ಗಿಣಿಯ ಹಸಿರಿನ ಪಕ್ಕದಲ್ಲಿ ಯಾವ ಕೆಂಪು ಒಪ್ಪುತ್ತದೆ ಎಂದೆಲ್ಲ ಕೇಳುತ್ತಾರೆ. ಕಣ್ಣಿನ ಸುದ್ದಿ ಮಾತ್ರ ಯಾರೂ ಎತ್ತುವುದಿಲ್ಲ. ಕಣ್ಣು ಕೊನೆಯಲ್ಲಿ ಹಚ್ಚುವಂಥದು, ಅದರಲ್ಲಿ ಕಲಿಯುವುದೇನಿದೆ ಎಂಬ ಧೈರ್ಯ ಅವರ ಮುಖದ ಮೇಲೆ ಕಾಣುತ್ತದೆ. ಆ ಧೈರ್ಯ ಕಂಡರೆ ನನಗೆ ಭಯ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನಾನು ತೇರದಾಳದ ಜೈನರ ಮನೆಯ ಮಗಳು. ನೀರು ಸೋಸದೆ ಕುಡಿಯಬಾರದು, ಕಾಳು ಆರಿಸದೆ ಬೀಸಬಾರದು, ಒಲೆಗೆ ಕಟ್ಟಿಗೆ ಇಡುವ ಮೊದಲು ಒಮ್ಮೆ ನೆಲಕ್ಕೆ ಕುಟ್ಟಿ ಹುಳ ಇದೆಯೇ ನೋಡಬೇಕು ಎಂದು ಹೇಳಿಸಿಕೊಂಡು ಬೆಳೆದವಳು. ಯಾವುದನ್ನೂ ಕಂಡ ಹಾಗೇ ನಂಬಬಾರದು ಎನ್ನುವುದು ನನಗೆ ತಾಯಿಯ ಹಾಲಿನ ಜೊತೆಗೇ ಬಂದದ್ದು. ಗಂಡ ತೀರಿಕೊಂಡ ಮೇಲೆ ಜಮಖಂಡಿಗೆ ಬಂದು ಅಲ್ಲಿನ ಕೈಕೆಲಸದ ಮನೆ ಸೇರಿದೆ. ಆಗಿನ್ನೂ ಸಂಸ್ಥಾನದ ಕಾಲ. ಹಳೆಯ ವಾಡೆಯೊಂದರ ಹಿಂದಿನ ಪಡಸಾಲೆಯಲ್ಲಿ ನಮ್ಮ ಕೆಲಸ ನಡೆಯುತ್ತಿತ್ತು. ಕೂತವರಲ್ಲಿ ಹೆಚ್ಚಿನವರು ನನ್ನಂತೆಯೇ ಗಂಡನನ್ನು ಕಳೆದುಕೊಂಡವರು. ಬನಹಟ್ಟಿಯ ಮಗ್ಗದ ಮನೆಗಳಿಂದ ಉಳಿದ ನೂಲು ಬರುತ್ತಿತ್ತು. ಅದರಿಂದ ನಾವು ಕರು, ಆನೆ, ಗಿಣಿ, ಮೊಲ ಹೆಣೆಯುತ್ತಿದ್ದೆವು. ಹೆಣೆಯುವ ಕೈ ನನಗಿಂತ ಉಳಿದವರದೇ ಚೆಂದ ಇತ್ತು. ನನ್ನ ಪಾಲಿಗೆ ಬಂದದ್ದು ಕಣ್ಣು ಆರಿಸುವುದು ಮತ್ತು ಹಚ್ಚಿದ ಕಣ್ಣು ಗಟ್ಟಿ ಇದೆಯೇ ನೋಡುವುದು. ನನ್ನ ಬೆನ್ನ ಹಿಂದೆ ಎಲ್ಲರೂ ನನ್ನನ್ನು ಕಣ್ಣು ಕೀಳುವ ಪದ್ಮಕ್ಕ ಎನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಮನೆಯನ್ನು ನಡೆಸುತ್ತಿದ್ದವರು ಯಮುನಾಬಾಯಿ. ಪುಣೆಯ ಕಡೆ ಕಲಿತು ಬಂದವರು, ಮಾತಿನಲ್ಲಿ ಮರಾಠಿ ಸೇರಿಕೊಳ್ಳುತ್ತಿತ್ತು. ನಾನು ಸೇರಿದ ಹೊಸತರಲ್ಲಿ ಒಂದು ಮೊಲದ ಕಣ್ಣು ಹಿಡಿದು ಬಲವಾಗಿ ಎಳೆದು, ಗಟ್ಟಿ ಇದೆ ಎಂದು ಬುಟ್ಟಿಗೆ ಹಾಕಿದೆ. ಅವರು ಅದನ್ನು ಎತ್ತಿ ಬೆಚ್ಚಗಿನ ನೀರಿನ ಬೋಗುಣಿಗೆ ಬಿಟ್ಟರು.

"ಪದ್ಮಾಬಾಯಿ, ಕೂಸಿನ ಬಾಯಿ ಒಣಾ ಇರತದ ಏನು?" ಎಂದರು.

"ಇಲ್ರಿ ಬಾಯಿ."

"ಮತ್ತ ನೀವು ಒಣಾ ಇದ್ದಾಗ ಜಗ್ಗಿ ಏನು ನೋಡಿದಿರಿ?"

ನೆಂದ ಮೇಲೆ ಎಳೆದರೆ ಕಣ್ಣು ನನ್ನ ಬೆರಳಿಗೇ ಬಂತು. ಅಂದಿನಿಂದ ನೆನೆಸದೆ ಯಾವ ಕಣ್ಣನ್ನೂ ಪಾಸು ಮಾಡಲಿಲ್ಲ. ನೀವೂ ಮಾಡಬೇಡಿ. ಗೊಂಬೆ ಒಣಗುವುದಕ್ಕೆ ತಡವಾಗುತ್ತದೆ ಎಂದು ಮೇಲಿನವರು ಗೊಣಗುತ್ತಾರೆ, ಗೊಣಗಲಿ.

ಮೊದಲು ನಾವು ಹಚ್ಚುತ್ತಿದ್ದದ್ದು ಬೂಟಿನ ಗುಂಡಿ. ಕಪ್ಪಗೆ, ದುಂಡಗೆ, ಹಿಂದೆ ಒಂದು ಕೊಂಡಿ. ಅದನ್ನು ತರುತ್ತಿದ್ದವನು ಹುಸೇನಸಾಬ, ಪೇಟೆಯಲ್ಲಿ ಬಳೆ ಮತ್ತು ಮಣಿ ಮಾರುವವನು. ಮರದ ಗುಂಡಿ ಎಂದು ಹೇಳಿ ಕೊಟ್ಟಿದ್ದ. ನನಗೆ ಅದರ ಹೊಳಪಿನ ಮೇಲೆ ಗುಮಾನಿ ಬಂತು. ಒಂದನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿದೆ. ಕೂದಲು ಸುಟ್ಟ ವಾಸನೆ ಪಡಸಾಲೆ ತುಂಬಿತು. ಅದು ಕೊಂಬು. ದನದ ಕೊಂಬನ್ನು ನಮ್ಮವರ ಮನೆಯ ಕೂಸು ಬಾಯಲ್ಲಿಟ್ಟು ಚೀಪುವುದನ್ನು ನೆನೆದು ನನಗೆ ಅಂದು ಊಟ ಸೇರಲಿಲ್ಲ.

ಹುಸೇನಸಾಬನನ್ನು ಕರೆಸಿ ಕೇಳಿದೆ. ಅವನು ಸುಟ್ಟ ಗುಂಡಿಯನ್ನು ಮೂಗಿಗೆ ಹಿಡಿದು ನೋಡಿದ. "ನನಗೂ ಮರಾ ಅಂತನ ಹೇಳಿ ಕೊಟ್ಟಾರ್ರಿ ಅಕ್ಕಾ. ನಾ ಸುಟ್ಟು ನೋಡಿಲ್ಲ, ಖರೆ," ಎಂದ. ನಾನು ಅವನ ಮಾತನ್ನು ನಂಬಲಿಲ್ಲ. ಆದರೆ ಆಮೇಲೆ ಅವನು ಯಾವ ಹೊಸ ಮಾಲು ತಂದರೂ ಅದರಲ್ಲಿ ಒಂದನ್ನು ತಾನೇ ಸುಟ್ಟು, ಚಿಂದಿಯಲ್ಲಿ ಕಟ್ಟಿ ತರುತ್ತಿದ್ದ. "ಮೊದಲ ಮೂಸಿ ನೋಡ್ರಿ, ಆಮ್ಯಾಲ ಮಾತಾಡೂಣು," ಎನ್ನುತ್ತಿದ್ದ. ಹೀಗೆ ನಮ್ಮ ಸ್ನೇಹ ಬೆಳೆಯಿತು.

ಗುಂಡಿ ಬಿಟ್ಟು ಕರಿಮಣಿಗೆ ಬಂದೆವು. ಗಾಜಿನ ಮಣಿ, ನಡುವೆ ತೂತು ಇರುವುದರಿಂದ ದಾರ ಆರಪಾರ ಹೋಗಿ ಗಟ್ಟಿ ನಿಲ್ಲುತ್ತದೆ. ಆದರೆ ಬೇರೆಯೇ ತೊಡಕು ಎದುರಾಯಿತು. ಕೊಳ್ಳಲು ಬಂದ ತಾಯಂದಿರು ಗೊಂಬೆಯ ಕಣ್ಣನ್ನು ನೋಡುತ್ತಿದ್ದರು, ನಮ್ಮ ಬರಿಗೊರಳನ್ನು ನೋಡುತ್ತಿದ್ದರು. ಒಬ್ಬಾಕೆ ಬಾಯಿಬಿಟ್ಟೇ ಕೇಳಿದಳು. "ಇದು ಯಾರ ಕೊರಳಾಂದು ಮಣಿ ಬೇ?" ನಮ್ಮ ಸಾಲಿನಲ್ಲಿ ಕೂತಿದ್ದ ಹೆಣ್ಣುಮಕ್ಕಳ ಕೈ ನಿಂತವು. ಹರಿದ ತಾಳಿಯ ಮಣಿಯನ್ನು ತಂದು ಕೂಸಿನ ಆಟಿಕೆಗೆ ಹೊಲಿಯುತ್ತೇವೆ ಎಂಬ ಸಂಶಯ ಅವಳದು. ನನಗೆ ಕೆಟ್ಟ ಸಿಟ್ಟು ಬಂತು. ಆದರೆ ನನ್ನ ಕಸುಬೇ ಸಂಶಯ, ಇನ್ನೊಬ್ಬರಿಗೆ ಅದು ಇರಬಾರದು ಎಂದು ಯಾವ ಬಾಯಿಂದ ಹೇಳಲಿ? ಹುಸೇನಸಾಬನಿಗೆ ಹೇಳಿ ಮಣಿಯನ್ನು ಸರದಲ್ಲೇ ತರಿಸಿ, ಗಿರಾಕಿಗಳ ಕಣ್ಣೆದುರಿಗೇ ಬಿಚ್ಚತೊಡಗಿದೆವು. ಮಾತು ನಿಂತಿತು.

ಬೀಳಗಿಯ ಕಡೆಯ ಹೆಣ್ಣುಮಗಳೊಬ್ಬಳು ತಾನೇ ಹೆಣೆದ ಗಿಣಿಯನ್ನು ತಂದು ತೋರಿಸಿದ್ದಳು. ಕಣ್ಣಿಗೆ ಗುಲಗಂಜಿ. ಅಷ್ಟು ಜೀವಂತ ಕಣ್ಣನ್ನು ನಾನು ಇನ್ನೊಂದು ಗೊಂಬೆಯಲ್ಲಿ ನೋಡಿಲ್ಲ. ಅಗಿದರೆ ವಿಷ ಎಂದೆ. ಅಕ್ಕಸಾಲಿಗರ ಮಕ್ಕಳು ದಿನಾ ಅದರಲ್ಲೇ ಆಡುತ್ತಾರಲ್ಲ ಎಂದಳು. ಎಷ್ಟು ಹೇಳಿದರೂ ಒಪ್ಪಲಿಲ್ಲ. ನಾನು ಅವಳೆದುರಿಗೇ ಕಣ್ಣು ಬಿಚ್ಚಿ ಅವಳ ಸೆರಗಿಗೆ ಕಟ್ಟಿ ಕಳಿಸಿದೆ. ಅವಳು ಬಿಟ್ಟುಹೋದ ಕುರುಡು ಗಿಣಿ ಬಹಳ ದಿನ ನಮ್ಮ ಗೂಟಕ್ಕೆ ತೂಗಿಕೊಂಡಿತ್ತು.

ಯಮುನಾಬಾಯಿಯವರು ಎಡವಿದ್ದೂ ಉಂಟು. ವಿಲಾಯತಿ ಗಾಜಿನ ಕಣ್ಣು ಅವರಿಗೆ ಎಲ್ಲಿಂದಲೋ ಸಿಕ್ಕವು. ಹಿಂದೆ ತಂತಿಯ ಬಾಲ, ಚುಚ್ಚಿ ಒಳಗೆ ಮಣಿಸಿದರೆ ಆಯಿತು. ಮುಧೋಳದ ಬೇಟೆನಾಯಿಯನ್ನು ಹೆಣೆಸಿ ಅದಕ್ಕೆ ಆ ಕಣ್ಣು ಹಾಕಿಸಿದರು. ನೀರಲ್ಲಿ ನೆನೆಸಿದೆ, ಎಳೆದೆ, ಜಪ್ಪಯ್ಯ ಎಂದರೂ ಬರಲಿಲ್ಲ. ಆದರೂ ಮನಸ್ಸು ಒಪ್ಪದು. ಕೂಸು ಗೊಂಬೆಯನ್ನು ಬರೀ ಎಳೆಯುವುದಿಲ್ಲ, ಅಪ್ಪಿಕೊಳ್ಳುತ್ತದೆ, ಅದರ ಮೇಲೆ ಬೀಳುತ್ತದೆ. ನಾಯಿಯ ತಲೆಯನ್ನು ನನ್ನ ಕೆನ್ನೆಗೆ ಒತ್ತಿಕೊಂಡೆ. ಕಿವಿಯ ಹಿಂದಿನಿಂದ ತಂತಿ ಹೊರಬಂದು ಕೆನ್ನೆ ಗೀರಿತು. ಯಮುನಾಬಾಯಿಯವರು ರಕ್ತ ನೋಡಿದರು. ಉಳಿದ ಕಣ್ಣುಗಳನ್ನೆಲ್ಲ ತಾವೇ ಒಯ್ದು ಹಿತ್ತಲಲ್ಲಿ ಹೂಳಿ ಬಂದರು.

ಇಷ್ಟು ಹೇಳಿದ್ದು ಮುಂದಿನದಕ್ಕಾಗಿ. ಗುಂಡಿ, ಮಣಿ, ಬೀಜ, ತಂತಿ ಎಲ್ಲವನ್ನೂ ಅನುಮಾನಿಸಿದ ಮೇಲೆ ನನ್ನ ಕರಿಮಣಿಯ ಕಣ್ಣಿನ ಮೇಲೆ ನನಗೊಂದು ಭರವಸೆ ಬಂದಿತ್ತು. ಆಗ ಬನಹಟ್ಟಿಯಿಂದ ಆಳು ಬಂದ.

ನೇಕಾರರ ಮನೆಯೊಂದಕ್ಕೆ ನಮ್ಮ ಕರು ಹೋಗಿತ್ತು. ಆ ಮನೆಯ ಕೂಸು ನೀಲವ್ವ, ಇನ್ನೂ ಹಲ್ಲು ಬರುತ್ತಿದ್ದ ವಯಸ್ಸು. ಕರುವಿನ ಒಂದು ಕಣ್ಣು ಕಾಣುತ್ತಿಲ್ಲ, ಕೂಸಿನ ಬಾಯಿ ಕೆಂಪಗಾಗಿದೆ, ಮೊಲೆಗೆ ಹಚ್ಚಿದರೆ ಚೀರುತ್ತದೆ, ಮಣಿ ಗಂಟಲಲ್ಲಿ ಕೂತಿದೆ ಎಂದು ಒಬ್ಬರು, ಮಣಿಯ ಬಣ್ಣ ವಿಷ ಎಂದು ಇನ್ನೊಬ್ಬರು. ಆಳು ಇಷ್ಟನ್ನು ಬಾಗಿಲಲ್ಲಿ ನಿಂತೇ ಹೇಳಿದ.

ಯಮುನಾಬಾಯಿಯವರು ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟರು. "ಖರೆ ಏನಂತ ತಿಳಿಯೋತನಕ ಇಲ್ಲಿಂದ ಒಂದೂ ಗೊಂಬಿ ಹೊರಗ ಹೋಗಬಾರದು. ಆ ಕೂಸಿಗೆ ಏನರ ಆತು ಅಂದ್ರ ನಾ ಈ ಮನೀನ ಮುಚ್ಚತೀನಿ," ಎಂದರು. ಅವರು ಹೆದರಿಸುವವರಲ್ಲ, ಹೇಳಿದ್ದನ್ನು ಮಾಡುವವರು. ಪಡಸಾಲೆಯಲ್ಲಿ ಕೂತ ಒಬ್ಬೊಬ್ಬಳ ಮುಖವನ್ನೂ ನೋಡಿದೆ. ಈ ಮನೆ ಮುಚ್ಚಿದರೆ ಅವರಿಗೆ ಹೋಗಲು ಇನ್ನೊಂದು ಜಾಗವಿರಲಿಲ್ಲ. ನನಗೂ ಇರಲಿಲ್ಲ. ಆದರೆ ಚಕ್ಕಡಿ ಹತ್ತಿದಾಗ ನನ್ನ ಕಣ್ಣ ಮುಂದಿದ್ದದ್ದು ಆ ಕೂಸಿನ ಗಂಟಲು ಒಂದೇ.

ದಾರಿಯುದ್ದಕ್ಕೂ ಎಲ್ಲರನ್ನೂ ಅನುಮಾನಿಸಿದೆ. ಹುಸೇನಸಾಬ ಬಣ್ಣ ಬಳಿದ ಮಣಿ ಕೊಟ್ಟನೇ, ಕಣ್ಣು ಹಚ್ಚಿದವಳು ಗಂಟು ಹಾಕದೆ ಬಿಟ್ಟಳೇ, ನಾನು ನೆನೆಸದೆ ಬುಟ್ಟಿಗೆ ಹಾಕಿದೆನೇ. ಆ ಮನೆಯವರೇ ಏನಾದರೂ ಮಾಡಿ ನಮ್ಮ ತಲೆಗೆ ಕಟ್ಟುತ್ತಿದ್ದಾರೆಯೇ ಎಂದೂ ಯೋಚಿಸಿದೆ. ಎತ್ತುಗಳು ನಿಧಾನಕ್ಕೆ ನಡೆಯುತ್ತಿದ್ದವು. ಅವುಗಳ ಮೇಲೂ ನನಗೆ ಸಿಟ್ಟು.

ಮನೆಯಲ್ಲಿ ಮಗ್ಗ ನಿಂತಿತ್ತು. ಕೂಸಿನ ತಾಯಿ ಕಾಶವ್ವ ಕಂಬಕ್ಕೆ ಒರಗಿ ನೀಲವ್ವನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅವಳ ಅತ್ತೆ ಸಿದ್ದವ್ವ ಬಾಗಿಲ ಮಗ್ಗುಲಲ್ಲಿ ಕೂತು ಸಣ್ಣ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಬಾಯಲ್ಲಿ ಒಂದೂ ಹಲ್ಲಿಲ್ಲದ ಮುದುಕಿ.

"ನೋಡ್ರಿ, ಹಾಲ ಮುಟ್ಟವಲ್ದು. ನೀವು ಗೊಂಬಿ ಕೊಟ್ಟೀರೋ ಏನ ಕೊಟ್ಟೀರೋ," ಎಂದಳು ಕಾಶವ್ವ. ಅವಳ ಕಣ್ಣು ಅತ್ತು ಬಾತಿದ್ದವು.

ಕೂಸು ಚೀರುತ್ತಿತ್ತು. ಆ ಚೀರು ಕೇಳಿ ನನಗೆ ಮೊದಲ ಸಮಾಧಾನವಾಯಿತು, ಏಕೆಂದರೆ ಗಂಟಲಲ್ಲಿ ಏನಾದರೂ ಕೂತಿದ್ದರೆ ಅಷ್ಟು ಗಟ್ಟಿ ದನಿ ಬರುವುದಿಲ್ಲ. ಆದರೆ ತುಟಿಯ ಒಳಭಾಗ ಕೆಂಪಗೆ ಸುಲಿದಂತಿತ್ತು. ನಾನು ಕರುವನ್ನು ತೆಗೆದುಕೊಂಡು ಬೆಳಕಿಗೆ ಬಂದೆ.

ಕಣ್ಣು ಹೋದ ಜಾಗದಲ್ಲಿ ದಾರದ ತುದಿ ಉಳಿದಿತ್ತು. ನಮ್ಮದು ಕರಿಯ ಜೋಡುದಾರ, ಗಂಟು ಕಿವಿಯ ಒಳಗೆ. ಇದು ಮಗ್ಗದ ಗಂಜಿ ಹಾಕಿದ ನೂಲು. ಉಳಿದ ಕಣ್ಣನ್ನೂ ಅದೇ ನೂಲಿನಿಂದ ಹೊಲಿದಿದ್ದರು.

"ಇದು ನಮ್ಮ ಹೊಲಗಿ ಅಲ್ಲ. ಯಾರು ಬಿಚ್ಚಿ ಹೊಲದೀರಿ?" ಎಂದು ಕಾಶವ್ವನನ್ನು ಕೇಳಿದೆ.

"ನಾ ಯಾಕ ಬಿಚ್ಚಲಿ? ನನಗ ಮಗ್ಗದ ಕೆಲಸನ ತೀರವಲ್ದು," ಎಂದಳು. ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದೇ ನಾನು ತಿಳಿದೆ.

ಉಳಿದ ಮಣಿಯ ಸುತ್ತ ಬಿಳಿಯ ಹಕ್ಕಳೆ ಕಟ್ಟಿತ್ತು. ಗಂಜಿ ಇರಬೇಕು ಎಂದು ಉಗುರಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡೆ. ನಾಲಿಗೆ ಚುರ್ ಎಂದು ಸುಟ್ಟಿತು. ಗಂಜಿ ಸುಡುವುದಿಲ್ಲ, ಕರಿಮಣಿಯ ಗಾಜೂ ಸುಡುವುದಿಲ್ಲ. ಆಗ ಹಿಂದಿನಿಂದ ಕುಟ್ಟಾಣಿಯ ಸದ್ದು ನಿಂತದ್ದು ನನ್ನ ಕಿವಿಗೆ ಬಿತ್ತು.

"ಅಜ್ಜಿ, ನಿಮ್ಮ ಸುಣ್ಣದ ಡಬ್ಬಿ ಕೊಡ್ರಿ," ಎಂದೆ.

ಸಿದ್ದವ್ವ ಸೊಂಟಕ್ಕೆ ಕೈ ಒತ್ತಿಕೊಂಡಳು. "ಯಾಕ ಕೊಡಲಿ? ನೀ ಎಲಿ ತಿನ್ನಾಕೇನು?"

"ಕೊಡ್ರಿ ಅತ್ತಿ," ಎಂದಳು ಕಾಶವ್ವ. ಆ ದನಿಯಲ್ಲಿ ಸೊಸೆ ಇರಲಿಲ್ಲ, ತಾಯಿ ಇದ್ದಳು.

ಮುದುಕಿ ಡಬ್ಬಿ ಬಿಚ್ಚಿ ಕೊಟ್ಟಳು. ನಾನು ಬೆರಳಿಂದ ಸುಣ್ಣವನ್ನು ಕದಡಿದೆ. ತಳದಲ್ಲಿ ಒಂದು ಬಿಳಿಯ ಉಂಡೆ ಸಿಕ್ಕಿತು. ಸೆರಗಿನಿಂದ ಒರೆಸಿದೆ, ಕಪ್ಪು ಕಂಡಿತು. ಅದೇ ಕಣ್ಣು. ಇದೇ ಸುಣ್ಣದಲ್ಲಿ ಬಿದ್ದೆದ್ದ ಇನ್ನೊಂದು ಕಣ್ಣನ್ನು ಕೂಸು ಚೀಪಿತ್ತು. ಕಾಶವ್ವ ಕೂಸನ್ನು ಎದೆಗೆ ಒತ್ತಿಕೊಂಡು ದನಿ ತೆಗೆದು ಅತ್ತಳು.

ಕೂಸಿನ ಬಾಯನ್ನು ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿದೆವು, ತುಟಿಗೆ ಬೆಣ್ಣೆ ಹಚ್ಚಿದೆವು. ದವಾಖಾನೆಗೂ ಒಯ್ದು ತೋರಿಸಿದರು. ಒಳಗೆ ಏನೂ ಆಗಿಲ್ಲ, ಮೇಲಿನ ಸುಟ್ಟಗಾಯ ಬೇಗ ಆರುತ್ತದೆ ಎಂದು ಡಾಕ್ಟರರು ಹೇಳಿದರಂತೆ. ಅವರು ಹೋಗಿ ಬರುವವರೆಗೆ ನಾನು ಸಿದ್ದವ್ವನ ಎದುರಿಗೇ ಕೂತಿದ್ದೆ. ನಾಲಗೆಯ ತುದಿಗೆ ಬಂದಿದ್ದ ಬೈಗುಳವನ್ನೆಲ್ಲ ಸಾಲಾಗಿ ಜೋಡಿಸಿ ಇಟ್ಟುಕೊಂಡಿದ್ದೆ.

ಅವಳೇ ಮೊದಲು ಮಾತಾಡಿದಳು. "ದಿನಾ ಸಂಜಿಕ ಬಿಚ್ಚತಿದ್ದೆ, ಮುಂಜಾನಿ ಎದ್ದು ಮತ್ತ ಹೊಲೀತಿದ್ದೆ. ಕೂಸಿನ ಕೈಗೆ ಸಿಗಬಾರದಂತ ಡಬ್ಬ್ಯಾಗ ಇಡತಿದ್ದೆ. ಎರಡೂ ಹೊಲದೇನಿ ಅಂತನ ತಿಳದಿದ್ದೆ. ನನಗ ಕಣ್ಣ ಬಾಳ ಕಾಣೂದಿಲ್ಲ."

"ಯಾಕ ಬಿಚ್ಚತಿದ್ರಿ?"

"ಕಣ್ಣ ಬಿಟ್ಟ ಗೊಂಬೀನ ಮಲಗಿದ ಕೂಸಿನ ಮಗ್ಗಲದಾಗ ಇಡಬಾರದು."

ಅವಳು ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮುಂದುವರಿಸಿದಳು.

"ಪ್ಲೇಗಿನಾಗ ಊರ ಬಿಟ್ಟು ಹೊಲದಾಗ ಗುಡಸಲಾ ಹಾಕಿದ್ದಿವಿ. ನನ್ನ ಮದಲನೇದು, ಗಂಡ ಕೂಸು. ಅದಕ್ಕ ಒಂದು ಅರಿವಿ ಗೊಂಬಿ ಮಾಡಿ ಕೊಟ್ಟಿದ್ದೆ, ಕವಡಿ ಕಣ್ಣ ಹಚ್ಚಿದ್ದೆ. ಜ್ವರ ಬಂತು. ಗೊಂಬಿ ಮಗ್ಗಲದಾಗ ಕುಂತು ನೋಡಕೋತನ ಇತ್ತು. ನನ್ನ ಕೂಸು ಕಣ್ಣ ಮುಚ್ಚಿತು. ಅದು ಮುಚ್ಚಲಿಲ್ಲ."

ಜೋಡಿಸಿ ಇಟ್ಟುಕೊಂಡ ಬೈಗುಳದಲ್ಲಿ ಒಂದೂ ನನ್ನ ಬಾಯಿಗೆ ಬರಲಿಲ್ಲ. ನನಗೆ ಅಳು ಬಂತು. ನಾನು ನನ್ನ ಕರಿಮಣಿಯನ್ನು ನಂಬಿ ಕೂತಿದ್ದಾಗ ಈ ಮುದುಕಿ ಅದನ್ನು ದಿನಾ ಅನುಮಾನಿಸುತ್ತಿದ್ದಳು. ಅವಳು ಕಾಯುತ್ತಿದ್ದದ್ದೂ ನಾನು ಕಾಯುತ್ತಿದ್ದದ್ದೂ ಒಂದೇ ಕೂಸನ್ನು.

ನಾನು ಎದ್ದು ಹೊರಟಾಗ ಅವಳು ಕರುವನ್ನು ನನ್ನ ಕಡೆ ತಳ್ಳಿದಳು. "ಕಣ್ಣ ಬಿಟ್ಟದ್ದನ್ನ ಯಾಕ ಮಾಡತೀರಿ? ಮಲಗಿದ್ದು ಮಾಡ್ರಿ," ಎಂದಳು.

ಈ ಮಾತನ್ನು ಯಮುನಾಬಾಯಿಯವರಿಗೆ ಹೇಳಿದೆ. ಅವರು ಮಾಡಿ ನೋಡೋಣ ಎಂದರು. ಮಣಿಯೂ ಇಲ್ಲ, ಗುಂಡಿಯೂ ಇಲ್ಲ. ಹತ್ತಿ ತುಂಬುವ ಮೊದಲೇ ಕರಿಯ ದಾರದಿಂದ ಕೆಳಗೆ ಬಾಗಿದ ಒಂದು ಗೆರೆ ಹೊಲಿದು, ಒಳಗಡೆ ಗಂಟು ಹಾಕಿ, ಆಮೇಲೆ ಹತ್ತಿ ತುಂಬಿದೆವು. ಮೊದಲ ಕರು ಸರಿಬರಲಿಲ್ಲ. ನಿಂತ ಕರುವಿಗೆ ಮುಚ್ಚಿದ ಕಣ್ಣು. ಯಮುನಾಬಾಯಿಯವರು ಅದನ್ನು ದೂರ ಹಿಡಿದು ನೋಡಿ, "ಸತ್ತಂಗ ಕಾಣತದ," ಎಂದರು. ನಿಜ, ಹಾಗೇ ಕಾಣುತ್ತಿತ್ತು. ಕಾಲು ಮಡಿಸಿ, ಕುತ್ತಿಗೆ ತಿರುಗಿಸಿ ಹೊಟ್ಟೆಯ ಮೇಲೆ ಮುಖ ಇಟ್ಟಂತೆ ಹೆಣೆದ ಮೇಲೆ ಅದಕ್ಕೆ ನಿದ್ದೆ ಬಂತು.

ಆ ಕರುವನ್ನು ನೆನೆಸಿದೆ, ಎಳೆದೆ, ಕೆನ್ನೆಗೆ ಒತ್ತಿದೆ. ಯಮುನಾಬಾಯಿಯವರು ಹೊಸದನ್ನು ಮೊದಲು ಆ ಮನೆಗೇ ಕೊಟ್ಟು ಬನ್ನಿ, ಅವರು ಒಪ್ಪಿದರೆ ಬಾಗಿಲು ತೆರೆಯೋಣ ಎಂದರು. ಮತ್ತೆ ಚಕ್ಕಡಿ ಹತ್ತಿದೆ.

ನಾನು ಬನಹಟ್ಟಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ನೀಲವ್ವನ ಬಾಯಿ ಆರಿತ್ತು, ಹಾಲು ಕುಡಿಯುತ್ತಿದ್ದಳು. ಸಿದ್ದವ್ವ ಕರುವನ್ನು ಇಸಿದುಕೊಂಡು ಬೆರಳಿಂದ ಅದರ ಕಣ್ಣು ಸವರಿದಳು. ಆಮೇಲೆ ನಾನು ನೋಡುತ್ತಿದ್ದಂತೆಯೇ ಕರುವಿನ ಮುಖವನ್ನು ಬಾಯಲ್ಲಿಟ್ಟುಕೊಂಡು ಬರೀ ಒಸಡಿನಿಂದ ಅಗಿಯತೊಡಗಿದಳು. ಹಲ್ಲು ಬರುವ ಕೂಸು ಹೇಗೆ ಅಗಿಯುತ್ತದೋ ಹಾಗೆ. ನನ್ನ ಬೋಗುಣಿಯ ನೀರು ಇಂಥ ಕೆಲಸವನ್ನು ಎಂದೂ ಮಾಡಿರಲಿಲ್ಲ. ಮುಂದೆ ಸಂಸ್ಥಾನ ಹೋಗುವವರೆಗೂ ಯಾವ ಹೊಸ ಹೊಲಿಗೆ ಬಂದರೂ ಮೊದಲ ಗೊಂಬೆ ಬನಹಟ್ಟಿಗೆ, ಸಿದ್ದವ್ವನ ಬಾಯಿಗೆ ಹೋಗಿ ಬರುತ್ತಿತ್ತು. ಅವಳು ಬೇಡ ಎಂದದ್ದು ಬೇಡ.

ಅಂದು ಅವಳು ಬಹಳ ಹೊತ್ತು ಅಗಿದು, ಸೆರಗಿನಿಂದ ಒರೆಸಿ, ಕಣ್ಣ ಹತ್ತಿರ ಹಿಡಿದು ನೋಡಿದಳು. ಆಮೇಲೆ ಸೊಂಟದಿಂದ ಸುಣ್ಣದ ಡಬ್ಬಿ ತೆಗೆದು ಸೊಸೆಯ ಕಡೆ ಚಾಚಿದಳು. "ಕಾಶವ್ವಾ, ಇದನ್ನ ಮ್ಯಾಲಿನ ಮಾಡದಾಗ ಇಡು. ಬೇಕಾದಾಗ ನಿನ್ನ ಕೇಳಿ ಇಸಗೋತೇನಿ."

ಕಾಶವ್ವ ಡಬ್ಬಿಯನ್ನು ಗೋಡೆಯ ಮೇಲಿನ ಗೂಡಿನಲ್ಲಿಟ್ಟಳು. ಕೂಸನ್ನು ತೊಟ್ಟಿಲಿಗೆ ಹಾಕಿ ಮಗ್ಗುಲಲ್ಲಿ ಕರುವನ್ನು ಮಲಗಿಸಿದಳು. ಹೊತ್ತು ಮುಳುಗುವ ಮೊದಲು ಉಣ್ಣುವುದು ನಮ್ಮವರ ನೇಮ, ನನ್ನ ಬುತ್ತಿ ಇನ್ನೂ ಗಂಟಿನಲ್ಲೇ ಇತ್ತು. ಅದನ್ನು ಬಿಚ್ಚಲಿಲ್ಲ. ಸಿದ್ದವ್ವ ತೊಟ್ಟಿಲಿನ ಆ ಕಡೆ ಕೂತಳು, ನಾನು ಈ ಕಡೆ ಕೂತೆ.

"ನಿನಗ ಇನ್ನ ಸಂಶೆ ಐತೇನು?" ಎಂದಳು ಅವಳು.

"ಐತ್ರಿ ಅಜ್ಜಿ."

"ನನಗೂ ಐತಿ."

ನೀಲವ್ವ ನಿದ್ದೆಯಲ್ಲೇ ಕೈ ಚಾಚಿ ಕರುವನ್ನು ಎಳೆದುಕೊಂಡು ಅದರ ಮುಖವನ್ನು ಬಾಯಿಗೆ ಇಟ್ಟುಕೊಂಡಳು. ನಾವಿಬ್ಬರೂ ಒಮ್ಮೆಲೇ ಮುಂದಕ್ಕೆ ಬಾಗಿದೆವು. ಕೂಸು ಚೀಪಿತು, ಚೀಪುತ್ತ ಚೀಪುತ್ತ ಬಾಯಿ ಸಡಿಲಿಸಿತು, ನಿದ್ದೆ ಹೋಯಿತು. ಕರು ಅದರ ಗಲ್ಲದ ಕೆಳಗೆ ಕಣ್ಣು ಮುಚ್ಚಿಕೊಂಡೇ ಇತ್ತು. ಹೊರಗೆ ಕತ್ತಲಾಗಿತ್ತು, ನಾವು ಇನ್ನೂ ಬಾಗಿಕೊಂಡೇ ಇದ್ದೆವು.